ದುಡಿಮೆಯೋ ವಿದ್ಯೆಯೋ?

ಕಾಲೇಜಿನ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ದೊಡ್ಡ ಕಂಪೆನಿಗಳನ್ನು ಸೇರಿ ಕೆಲಸ ಕಲಿಯುವ ಪದ್ಧತಿಯು ಈಗ ರೂಢವಾಗಿದೆಯಷ್ಟೆ; ಇದಕ್ಕೆ ಇಂಟರ್ನ್‌ಷಿಪ್ ಎಂದು ಹೆಸರು. ಹೀಗೆ ಬಂದವನು ಕೂಲಿಯವನೋ ಶಿಷ್ಯನೋ ಎಂಬುದೇ ಇಲ್ಲಿಯ ಧರ್ಮಪ್ರಶ್ನೆ.

ದುಡಿದು ವಿದ್ಯೆಯನ್ನು ಪಡೆಯುವುದು ನಮಗೆ ಹೊಸತಲ್ಲ. ಛಾಂದೋಗ್ಯೋಪನಿಷತ್ತಿನಲ್ಲಿ ಗೌತಮನು ಸತ್ಯಕಾಮ ಜಾಬಾಲನಿಗೆ ಬಡಕಲಾದ 400 ಗೋವುಗಳನ್ನು ಒಪ್ಪಿಸಿದನು. ಅವು 1000 ಆಗುವವರೆಗೂ ಶಿಷ್ಯನು ಮರಳಲಿಲ್ಲ. ಲೆಕ್ಕವನ್ನು ಮಾತ್ರ ನೋಡುವವರಿಗೆ ಗುರುವಿಗೆ 600 ಗೋವುಗಳ ಲಾಭವಾಯಿತೆಂದು ತೋರೀತು. ಆದರೆ ಗುರುವು ಏನನ್ನೂ ಉಳಿಸಿಕೊಳ್ಳದೆ ವಿದ್ಯೆಯನ್ನು ಬೋಧಿಸಿದನು, ಋಣವು ತೀರಿತು.

ನಮ್ಮ ದೇಶದ 1961ನೆಯ ಇಸವಿಯ ಅಪ್ರೆಂಟಿಸ್ ಕಾಯಿದೆಯೂ ಅಪ್ರೆಂಟಿಸನು ಕಲಿಯುವವನೇ ಹೊರತು ಕೆಲಸಗಾರನಲ್ಲವೆಂದು ಹೇಳುತ್ತದೆ. ಇದರಿಂದ ಕೆಲಸಗಾರನ ಹಕ್ಕುಗಳು ಅವನಿಗೆ ಬಹುಮಟ್ಟಿಗೆ ತಪ್ಪುವುವು. ತಪ್ಪಿದಷ್ಟೂ ಕಲಿಸುವ ಹೊಣೆಯು ಒಡೆಯನ ಮೇಲೆ ಬೀಳುವುದು. ರಜೆಯ ವಿದ್ಯಾರ್ಥಿಗೂ ಈ ನ್ಯಾಯವೇ ಸಲ್ಲತಕ್ಕದ್ದು. ಕಲಿಸಿದರೆ ಅಲ್ಪ ಭತ್ಯವೂ ಸಾಕು. ಕಲಿಸದೆ ದುಡಿಸಿಕೊಂಡರೆ ಪೂರ್ಣ ವೇತನವನ್ನು ಕೊಡಬೇಕು. ಎರಡನ್ನೂ ಕೊಡದವನು ಶಿಷ್ಯನೆಂಬ ಹೆಸರನ್ನಿಟ್ಟು ಕೂಲಿಯನ್ನು ಅಪಹರಿಸಿದಂತಾಗುವುದು.

ವಿದ್ಯಾರ್ಥಿಗೂ ಧರ್ಮವುಂಟು. ಪ್ರಮಾಣಪತ್ರಕ್ಕಾಗಿಯೇ ದಿನಗಳೆಯುವವನು ಗೋವನ್ನು ಮೇಯಿಸದೆ ಹಾಲನ್ನು ಬಯಸಿದಂತೆ. ಆದುದರಿಂದ ಮಕ್ಕಳು ಮನೆಗೆ ಮರಳಿದಾಗ, ಯಾವ ಕಂಪೆನಿಯೆಂದು ಕೇಳುವುದಕ್ಕಿಂತ, ಏನನ್ನು ಕಲಿತು ಬಂದಿರೆಂದು ಕೇಳುವುದು ಲೇಸು.