ಗುಂಡಿಗೆ ವಿಧಿಯ ಹೆಸರು

ರಸ್ತೆಗುಂಡಿಗೆ ಬಿದ್ದು ಸ್ಕೂಟರ್ ಸವಾರ ಸತ್ತರೆ ಮನೆಗೆ ಬಂದವರು ಹೇಳುವುದು: 'ಹಣೆಬರಹ.' ಆ ಮಾತು ನೊಂದವರಿಗೆ ಆಸರೆ, ನಿಜ. ಆದರೆ ಗುಂಡಿಯನ್ನು ಬ್ರಹ್ಮ ಬರೆದಿರುವುದಿಲ್ಲ.

ಡಾಂಬರಿನ ಸಣ್ಣ ಬಿರುಕಿಗೆ ಮಳೆನೀರು ಇಳಿಯುತ್ತದೆ. ಕೆಳಗಿನ ಜಲ್ಲಿ, ಮಣ್ಣು ಸಡಿಲಗೊಳ್ಳುತ್ತವೆ. ಮೇಲೆ ಬಸ್ಸು, ಲಾರಿ ಹಾದಂತೆಲ್ಲ ಒತ್ತಡಕ್ಕೆ ಸಿಕ್ಕ ನೀರು ಮಣ್ಣನ್ನು ಹೊರಕ್ಕೆ ತಳ್ಳುತ್ತದೆ; ಅಡಿ ಪೊಳ್ಳಾದ ಮೇಲ್ಪದರ ಒಂದು ದಿನ ಕುಸಿಯುತ್ತದೆ. ಪ್ರತಿ ಹಂತದಲ್ಲೂ ತಡೆಯಬಹುದಾದ ಕೈಯೊಂದಿತ್ತು: ಚರಂಡಿಯ ಕಸ ತೆಗೆಯುವ ಕೈ, ಬಿರುಕು ಮುಚ್ಚುವ ಕೈ. ಹಾಗಿದ್ದಾಗ ಇದು ಸತ್ತವನ ಕರ್ಮವೋ, ಮಾಡದೆ ಉಳಿದವರ ಕರ್ಮವೋ?

ಆ ಕೈಗಳನ್ನು ಎಚ್ಚರಿಸುವ ದಾರಿಗಳೂ ಇವೆ. ಗುಂಡಿಯ ಚಿತ್ರ ಕಳಿಸಲೆಂದೇ ಬೆಂಗಳೂರು ಪಾಲಿಕೆ 'ಫಿಕ್ಸ್ ಮೈ ಸ್ಟ್ರೀಟ್' ಆ್ಯಪ್ ತಂದಿತು. ಅದಕ್ಕೂ ಮೊದಲು, 2015ರಲ್ಲಿ, ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ನೀರು ತುಂಬಿದ ಗುಂಡಿಯೊಳಗೆ ಮೊಸಳೆಯ ಪ್ರತಿಕೃತಿ ಇಟ್ಟರು. ಕೆಲವೇ ದಿನಗಳಲ್ಲಿ ಆ ರಸ್ತೆ ದುರಸ್ತಿಯಾಯಿತು.