ಪ್ರಮಾದವೂ ನಿವೇದನೆಯೂ

ಶುಶ್ರೂಷೆಯೂ ಒಂದು ಕಾಯಕವೇ ಅಹುದು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನು ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಕೊಂಡಿದ್ದುದನ್ನು ಭಕ್ತರು ಬಲ್ಲರು. ಇಂದು ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಂಥ ಊರುಗಳ ಗೃಹಸ್ಥರೂ ತಮ್ಮ ಮಕ್ಕಳನ್ನು ದಾದಿಯರ ವಿದ್ಯೆಗೆ ಕಳುಹಿಸುವುದುಂಟು. ಕಲಿಯುವ ಕೈ ತಪ್ಪುವುದೂ ಉಂಟು. ತಪ್ಪಿದಾಗ ವಿದ್ಯಾರ್ಥಿನಿಯು ಮಾಡತಕ್ಕುದೇನೆಂಬುದು ವಿಚಾರಾರ್ಹವಾಗಿದೆ.

ಮಧುಮೇಹಕ್ಕೆ ಕೊಡುವ ಇನ್ಸುಲಿನ್ನಿನ ಉದಾಹರಣೆಯನ್ನೇ ನೋಡಬಹುದು. ಭಾರತದಲ್ಲಿ ಅದು ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಯಲ್ಲಿಯೂ 100 ಯೂನಿಟ್ ಇರುವ ಸೀಸೆಯಲ್ಲಿಯೂ ದೊರೆಯುತ್ತದೆ. ಒಂದೊಂದಕ್ಕೂ ಸಿರಿಂಜು ಬೇರೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಯ ಮೈಗೆ ಸೇರುವುದು 20 ಯೂನಿಟ್ ಅಲ್ಲ, 50. ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಕಡೆಗೆ ಮೂರ್ಛೆ ಬರಬಹುದು. ತಿಳಿದ ಕ್ಷಣವೇ ಹೇಳಿದರೆ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಿ, ಗ್ಲೂಕೋಸ್ ಕೊಟ್ಟು ಕಾಪಾಡುವ ಅವಕಾಶವಿದೆ. ಪಾಳಿ ಮುಗಿದ ಮೇಲೆ ಕಣ್ಣೀರಿಟ್ಟು ಹೇಳಿದರೆ ಹೇಳಿದವಳ ಮನಸ್ಸು ಹಗುರಾದೀತು. ರೋಗಿಗೆ ಬಂದ ಫಲವೇನು? ಆದಕಾರಣ ಇಲ್ಲಿ ತಪ್ಪೊಪ್ಪಿಗೆಯು ಆತ್ಮಶುದ್ಧಿಯ ಸಾಧನವಾಗುವುದಕ್ಕೆ ಮೊದಲು ರೋಗಿಗೆ ಸಲ್ಲಬೇಕಾದ ಚಿಕಿತ್ಸೆಯ ಒಂದು ಭಾಗವಾಗಿದೆ.

ಪ್ರಮಾದವೆಂದರೆ ಎಚ್ಚರದಪ್ಪುವುದು. ಅದನ್ನು ಮುಚ್ಚುವಾಗಲಾದರೋ ಬುದ್ಧಿಯು ಪೂರ್ಣ ಎಚ್ಚರದಲ್ಲಿರುತ್ತದೆ.

ಹಾಗಾದರೆ ಬಾಯಿ ಏಕೆ ಕಟ್ಟುವುದು? ಅಂಕ ಹೋದೀತು, ಹತ್ತು ಜನರ ಮುಂದೆ ಮಾನ ಹೋದೀತು ಎಂಬ ಭಯ. ವಿದ್ಯಾರ್ಥಿನಿಯು ಮೊದಲು ಹೋಗಬೇಕಾದುದು ಹಿರಿಯ ದಾದಿಯ ಬಳಿಗೆ. ಆ ಹಿರಿಯಳೇ ಗದರುವ ಸ್ವಭಾವದವಳಾದರೆ ಮುಂದಿನ ತಪ್ಪು ಅವಳ ಕಿವಿಗೆ ಬೀಳುವುದೇ ಇಲ್ಲ. ಅಮೆರಿಕದ ವೈದ್ಯಕೀಯ ಸಂಸ್ಥೆಯು 1999ರಲ್ಲಿ ಪ್ರಕಟಿಸಿದ ವರದಿಯು ಅಲ್ಲಿನ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನರು ಇಂಥ ತಪ್ಪುಗಳಿಂದ ಸಾಯುವರೆಂದು ಅಂದಾಜು ಮಾಡಿ, ಬಹುಪಾಲು ತಪ್ಪುಗಳಿಗೆ ಕಾರಣ ವ್ಯವಸ್ಥೆಯ ದೋಷವೆಂದಿತು. ಒಂದರಂತೆ ಒಂದು ಕಾಣುವ ಸೀಸೆಗಳನ್ನು ಒಂದೇ ತಟ್ಟೆಯಲ್ಲಿ ಇಟ್ಟವರಾರು ಎಂದೂ ಕೇಳಬೇಕಲ್ಲವೆ? ಇದರಿಂದ ಕೈತಪ್ಪಿದವಳ ಹೊಣೆ ಕಳೆಯಿತೆಂದಲ್ಲ. ಹೇಳದೆ ಉಳಿದರೆ ಆ ದೋಷವೂ ಹಾಗೆಯೇ ಉಳಿಯುತ್ತದೆ.

ಗೃಹಸ್ಥರಿಗೂ ಇಲ್ಲೊಂದು ಮಾತು ಸಲ್ಲುತ್ತದೆ. ವೈದ್ಯಸೇವೆಯವರ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕವು 2009ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಸತ್ಯವನ್ನು ಕೇಳುವೆವೆನ್ನುವವರು ನುಡಿದವಳ ಮೇಲೆ ಕೈಯೆತ್ತಿದರೆ ಮತ್ತೊಬ್ಬಳು ನುಡಿಯುವಳೆ?

ಇನ್ನು ಕ್ಷಮಾಯಾಚನೆ. ಹಳ್ಳಿಯ ವೃದ್ಧೆಯೊಬ್ಬಳ ಮುಂದೆ ವಿದ್ಯಾರ್ಥಿನಿಯು ಕೈಮುಗಿದು "ತಪ್ಪಾಯಿತಜ್ಜಿ" ಎಂದರೆ, ಆಕೆ "ಇರಲಿ ಬಿಡವ್ವ" ಎಂದುಬಿಡುವುದು ಸಹಜ. ಏನಾಯಿತೆಂದು ಅರಿಯದೆ ಕೊಟ್ಟ ಈ ಕ್ಷಮೆಯನ್ನು ಪಡೆದು ಹಿಂದಿರುಗುವುದು ನ್ಯಾಯವಲ್ಲ. ಹಿರಿಯ ದಾದಿಯನ್ನೋ ವೈದ್ಯರನ್ನೋ ಜೊತೆಗಿರಿಸಿಕೊಂಡು, ಯಾವ ಔಷಧ ಎಷ್ಟು ಹೆಚ್ಚಾಯಿತು, ಬೆವರು ನಡುಕ ಬಂದರೆ ಕೂಡಲೇ ಕರೆಯಬೇಕು, ಎಷ್ಟು ಹೊತ್ತಿಗೊಮ್ಮೆ ರಕ್ತ ನೋಡುವರು ಎಂಬುದನ್ನು ಅಜ್ಜಿಗೂ ಹಾಸಿಗೆಯ ಬಳಿಯಿರುವ ಮಗನಿಗೂ ಮನೆಮಾತಿನಲ್ಲಿ ತಿಳಿಯಹೇಳಿ, ಆಮೇಲೆ ಕೈಮುಗಿಯತಕ್ಕುದು. ಆಗ ಆಕೆ ಕ್ಷಮಿಸದಿರಲೂಬಹುದು.