ಯುವಜನರ ಬಾಳತತ್ವ: ಸೋತವನ ಮುಂದೆ ನಿಲ್ಲುವ ಮಾತು ಯಾವುದು?



ನಿಮ್ಮ ಮನೆಯ ಹದಿನೇಳು ಹದಿನೆಂಟರ ಮಗನೋ ಮಗಳೋ ರಾತ್ರಿ ಊಟಕ್ಕೆ ಕುಳಿತಾಗ, "ಅಪ್ಪಾ, ನಾವು ಯಾಕ ಹುಟ್ಟೀವಿ?" ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ಬಹುಪಾಲು ಮನೆಗಳಲ್ಲಿ ಸಿಗುವ ಉತ್ತರ ಒಂದೇ: "ಸುಮ್ಮ ಉಣ್ಣು. ಮೊದಲು ಪಾಸಾಗು, ಅದೆಲ್ಲ ಆಮ್ಯಾಲ." ಪ್ರಶ್ನೆ ದೇವರ ಬಗ್ಗೆಯಾದರೆ ದನಿ ಇನ್ನೂ ಜೋರಾಗುತ್ತದೆ: "ಹಂಗ ಕೇಳಬಾರದು, ಪಾಪ ಬರ್ತದ." ಮಗು ಸುಮ್ಮನಾಗುತ್ತದೆ. ಪ್ರಶ್ನೆ ಮಾತ್ರ ಸುಮ್ಮನಾಗುವುದಿಲ್ಲ. ಅದು ಮನೆಯ ಹೊಸ್ತಿಲು ದಾಟಿ ಗೆಳೆಯರ ಕಟ್ಟೆಗೆ, ಕೈಯಲ್ಲಿನ ಮೊಬೈಲಿಗೆ ಹೋಗುತ್ತದೆ. ಅಲ್ಲಿ ಸಿಕ್ಕಿದ ಉತ್ತರವೇ ಅವನ ಬಾಳತತ್ವವಾಗಿಬಿಡುತ್ತದೆ.

ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿ ಸೀಮೆಗೆ ಹರಿಯುತ್ತಾಳೆ. ಈ ಮೂರು ತಾಲೂಕುಗಳ ತೊಗರಿ, ಜೋಳದ ಹೊಲಗಳ ನಡುವೆ ಬೆಳೆದ ಯುವಜನರಿಗೆ ದೊಡ್ಡ ಪ್ರಶ್ನೆಗಳನ್ನು ಪುಸ್ತಕ ಕಲಿಸಬೇಕಾಗಿಲ್ಲ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಬೆಳೆದು ನಿಂತ ಪೈರನ್ನು ಮುಳುಗಿಸಿದಳು. ಅದನ್ನು ದಂಡೆಯಲ್ಲಿ ನಿಂತು ನೋಡಿದ ಹುಡುಗನಿಗೆ, ದೇವರು ಒಳ್ಳೆಯವನಾದರೆ ಇದೇಕೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಶೇಕಡ 42.43ರೊಂದಿಗೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ದಿನ ಸೋತವರೆನಿಸಿಕೊಂಡರು. "ನನಗೆ ಏನು ಬೆಲೆ?" ಎಂಬುದು ಆ ದಿನ ಆ ಮನೆಗಳಲ್ಲಿ ತತ್ವಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ, ಎದೆಯ ಪ್ರಶ್ನೆಯಾಗಿತ್ತು.

ಮೂರು ತತ್ವಗಳು

ನಮ್ಮ ಯುವಜನರ ಬಾಯಲ್ಲಿ, ಅವರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಹೆಚ್ಚಾಗಿ ಕಾಣುವ ತತ್ವಗಳು ಮೂರು. ಅವು ಸರಿಯೋ ತಪ್ಪೋ ಎಂದು ತೂಗಲು ಒಂದು ಸುಲಭದ ಒರೆಗಲ್ಲಿದೆ. ಪರೀಕ್ಷೆಯಲ್ಲಿ ಫೇಲಾಗಿ ಬಾಗಿಲ ಹಿಂದೆ ಕುಳಿತಿರುವ ಹುಡುಗನ ಮುಂದೆ, ಬೆಳೆ ಕಳೆದುಕೊಂಡ ಅವನ ತಂದೆಯ ಮುಂದೆ ನಿಂತು ಆ ಮಾತನ್ನು ಹೇಳಲಾದೀತೇ ಎಂದು ನೋಡಬೇಕು.

ಮೊದಲನೆಯದು ಹಣೆಬರಹದ ತತ್ವ. "ಬರೆದಂಗ ಆಗ್ತದ" ಎನ್ನುವುದರಲ್ಲಿ ಒಂದು ಬಗೆಯ ಸಮಾಧಾನ ಇದೆ, ಸುಳ್ಳಲ್ಲ. ಆದರೆ ಫೇಲಾದವನಿಗೆ ಅದು, ನಿನ್ನ ಸೋಲೂ ಮೊದಲೇ ಬರೆದದ್ದು, ಇನ್ನು ಎದ್ದೇಳಬೇಡ ಎಂದೇ ಹೇಳುತ್ತದೆ. ಶಾಲೆಯಲ್ಲಿ ಶಿಕ್ಷಕರ ಕೊರತೆ ಇದ್ದರೆ, ಕಾಲುವೆಗೆ ನೀರು ಬಾರದಿದ್ದರೆ ಅದಕ್ಕೂ ಹಣೆಬರಹವೇ ಹೊಣೆಯಾಗುತ್ತದೆ, ಮನುಷ್ಯರು ಪಾರಾಗುತ್ತಾರೆ.

ಎರಡನೆಯದು ದುಡ್ಡಿನ ತತ್ವ. "ದುಡ್ಡೇ ದೊಡ್ಡಪ್ಪ" ಎಂಬ ಗಾದೆಯ ಮೊದಲರ್ಧವನ್ನು ಎಲ್ಲರೂ ಹೇಳುತ್ತಾರೆ, "ವಿದ್ಯೆ ಅವರಪ್ಪ" ಎಂಬ ಉಳಿದರ್ಧವನ್ನು ನುಂಗಿಬಿಡುತ್ತಾರೆ. ಬಡತನ ಉಂಡವರು ದುಡ್ಡನ್ನು ಬಯಸಿದರೆ ಅದನ್ನು ಪಾಪವೆಂದು ಹೀಗಳೆಯುವುದು ನ್ಯಾಯವಲ್ಲ. ಪುಣೆಗೆ, ಮುಂಬೈಗೆ, ಬೆಂಗಳೂರಿಗೆ ದುಡಿಯಲು ಹೋಗುವ ಮಗ ಕಳಿಸುವ ಹಣದಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಆದರೆ ಗಳಿಸುವವನಿಗೆ ಮಾತ್ರ ಬೆಲೆ ಎಂದಾದರೆ, ಹಾಸಿಗೆ ಹಿಡಿದ ಅಜ್ಜಿಗೆ, ಕೈಕಾಲು ಸ್ವಾಧೀನವಿಲ್ಲದ ತಂಗಿಗೆ, ಕೆಲಸ ಸಿಗದ ಅಣ್ಣನಿಗೆ ಏನೆಂದು ಹೇಳುವುದು?

ಮೂರನೆಯದು ನೋಡಲು ಬಹಳ ಸಭ್ಯವಾದದ್ದು: "ನಾನು ಯಾರಿಗೂ ಕೇಡು ಮಾಡೋದಿಲ್ಲ, ಅಷ್ಟು ಸಾಕು." ದೇವಾಲಯಕ್ಕೆ ಬರುವುದನ್ನು ಬಿಟ್ಟ ಎಷ್ಟೋ ಒಳ್ಳೆಯ ಹುಡುಗರ ತತ್ವ ಇದು. ಬರುವವರ ತತ್ವವೂ ಎಷ್ಟೋ ಸಲ ಇಷ್ಟೇ. ಆದರೆ ಪ್ರಭು ಯೇಸು ಹೇಳಿದ ಸಮಾರಿಯದವನ ಸಾಮತಿಯನ್ನು ನೆನಪು ಮಾಡಿಕೊಳ್ಳಿ. ಗಾಯಗೊಂಡು ಬಿದ್ದವನನ್ನು ಕಂಡು ಪಕ್ಕದ ದಾರಿಯಿಂದ ಹೋದ ಯಾಜಕನೂ ಲೇವಿಯನೂ ಅವನಿಗೆ ಯಾವ ಕೇಡನ್ನೂ ಮಾಡಲಿಲ್ಲ. ಕೇಡು ಮಾಡಿದವರು ಕಳ್ಳರು. ಹಾಗಿದ್ದೂ ಅವರಿಬ್ಬರು ಇಂದಿಗೂ ನಮ್ಮ ಮುಂದೆ ತಲೆತಗ್ಗಿಸಿ ನಿಂತಿದ್ದಾರೆ. ಕೇಡು ಮಾಡದಿರುವುದು ಬಾಳಿನ ಹೊಸ್ತಿಲು. ಹೊಸ್ತಿಲಲ್ಲೇ ಕುಳಿತವನು ಮನೆ ಸೇರಿದಂತಾಗುವುದಿಲ್ಲ. ಎಲ್ಲ ಆಜ್ಞೆಗಳನ್ನೂ ಪಾಲಿಸಿದ್ದ ಆ ಧನಿಕ ಯುವಕನಿಗೂ ಇನ್ನೇನೋ ಕಡಿಮೆಯಿದೆ ಎಂದು ಅನ್ನಿಸಿದ್ದರಿಂದಲೇ ಅವನು ಯೇಸುವಿನ ಬಳಿಗೆ ಓಡಿಬಂದ. ಜಗದ್ಗುರು ದ್ವಿತೀಯ ಜಾನ್ ಪೌಲರು 1985ರಲ್ಲಿ, ಅಂತರರಾಷ್ಟ್ರೀಯ ಯುವ ವರ್ಷದಂದು ಜಗತ್ತಿನ ಯುವಜನರಿಗೆ ಬರೆದ ಪತ್ರದಲ್ಲಿ ಈ ಯುವಕನನ್ನೇ ಮುಂದಿಟ್ಟುಕೊಂಡು ಮಾತಾಡಿದರು. ಯೇಸು ಅವನನ್ನು ಗದರಲಿಲ್ಲ. ಅವನನ್ನು ನೋಡಿ ಪ್ರೀತಿಸಿದರು ಎಂದು ಸಂತ ಮಾರ್ಕ ಬರೆಯುತ್ತಾರೆ. ಉತ್ತರ ಬಂದದ್ದು ಆ ನೋಟದ ನಂತರ.

ಕೇಳುವುದು ಅವಿಶ್ವಾಸವೇ?

ಪ್ರಶ್ನೆ ಕೇಳುವ ಮಗ ವಿಶ್ವಾಸದಿಂದ ಜಾರುತ್ತಿದ್ದಾನೆ ಎಂದು ಹೆದರುವ ತಾಯಂದಿರೇ, ಶುಭಸಂದೇಶವನ್ನು ತೆರೆದು ನೋಡಿ. ಇದು ಹೇಗಾದೀತು ಎಂದು ದೇವದೂತನನ್ನೇ ಕೇಳಿದವರು ಮಾತೆ ಮರಿಯಮ್ಮನವರು. ನೀವು ಎಲ್ಲಿಗೆ ಹೋಗುತ್ತೀರೆಂದೇ ತಿಳಿಯದಿರುವಾಗ ದಾರಿ ತಿಳಿಯುವುದು ಹೇಗೆ ಎಂದು ಕೇಳಿದವನು ಪ್ರೇಷಿತ ತೋಮ. ಹನ್ನೆರಡರ ಪ್ರಾಯದ ಬಾಲ ಯೇಸುವನ್ನು ತಂದೆತಾಯಿ ಹುಡುಕಿಕೊಂಡು ಬಂದಾಗ, ಅವರು ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆಗಳನ್ನೇ ಕೇಳುತ್ತಿದ್ದರು.

ನಮ್ಮ ನೆಲಕ್ಕೂ ಇದು ಹೊಸದಲ್ಲ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿರುವ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರ ತತ್ವಪದಗಳನ್ನು ಇಲ್ಲಿನ ಹಳ್ಳಿಗಳಲ್ಲಿ ಈಗಲೂ ಏಕತಾರಿ ಹಿಡಿದು ಹಾಡುತ್ತಾರೆ. ಹುಟ್ಟು ಏನು, ಸಾವು ಏನು, ಈ ದೇಹ ಯಾರದು, ಕುಲ ಎಂದರೇನು ಎಂಬ ಪ್ರಶ್ನೆಗಳೇ ಅವುಗಳ ಹೂರಣ. ಚೆನ್ನೂರಿನ ಜಲಾಲಸಾಬರೂ ಖೈನೂರಿನ ಕೃಷ್ಣಪ್ಪನವರೂ ಜಾತಿಮತದ ಗೋಡೆ ದಾಟಿ ಅವರ ಶಿಷ್ಯರಾದರು. ಹೊಲದಲ್ಲಿ ದುಡಿಯುವ ಅಕ್ಷರ ಬಾರದ ಜನರೂ ರಾತ್ರಿ ಭಜನೆಗೆ ಕುಳಿತು ಇಂಥ ಪ್ರಶ್ನೆಗಳನ್ನು ಹಾಡಿಕೊಂಡು ಬಂದಿದ್ದಾರೆ. ಅವರ ಉತ್ತರಗಳೆಲ್ಲ ನಮ್ಮ ವಿಶ್ವಾಸದ ಉತ್ತರಗಳಲ್ಲ. ಆದರೆ ಬಾಳಿನ ಅರ್ಥ, ದುಃಖದ ಮೂಲ, ಸಾವಿನಾಚೆಯ ಗುಟ್ಟು ಎಂಬ ಒಗಟುಗಳು ಎಲ್ಲ ಮನುಷ್ಯರ ಹೃದಯವನ್ನೂ ಕಲಕುತ್ತವೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೇ 1965ರಲ್ಲಿ ಅನ್ಯಧರ್ಮಗಳ ಕುರಿತ ತನ್ನ ಘೋಷಣೆಯಲ್ಲಿ ಒಪ್ಪಿಕೊಂಡಿದೆ. ಭಜನೆಯ ಕಟ್ಟೆಯ ಮೇಲೆ ಕೇಳಬಹುದಾದ ಪ್ರಶ್ನೆಯನ್ನು ಕ್ರೈಸ್ತ ಮನೆಯಲ್ಲಿ ಕೇಳಬಾರದೇ?

ಯೋಬನ ಗೆಳೆಯರು

ದುಃಖದ ಪ್ರಶ್ನೆಗೆ ಪವಿತ್ರ ಬೈಬಲಿನಲ್ಲಿ ಒಂದು ಇಡೀ ಗ್ರಂಥವೇ ಇದೆ. ಎಲ್ಲವನ್ನೂ ಕಳೆದುಕೊಂಡ ಯೋಬನನ್ನು ನೋಡಲು ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಸಿದ್ಧ ಉತ್ತರಗಳನ್ನು ಸುರಿದರು: ನೀನು ಪಾಪ ಮಾಡಿರಬೇಕು, ಅದಕ್ಕೇ ಈ ಶಿಕ್ಷೆ. ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಆ ಗೆಳೆಯರ ಮೇಲೆ. ದೇವರನ್ನೇ ಎದುರು ನಿಂತು ಕೇಳಿದ ಯೋಬನು ತನ್ನ ವಿಷಯವಾಗಿ ಸರಿಯಾಗಿ ಮಾತಾಡಿದ್ದಾನೆ ಎಂದರು. ಹೊಳೆ ಬಂದು ಹೊಲ ಕೊಚ್ಚಿಹೋದವರಿಗೆ, "ದೇವರ ಚಿತ್ತ" ಎಂದು ಒಂದೇ ಮಾತಿನಲ್ಲಿ ಮುಗಿಸುವ ನಾವು ಯಾರ ಸಾಲಿನಲ್ಲಿ ನಿಂತಿದ್ದೇವೆಂದು ಯೋಚಿಸಬೇಕು.

ಹಾಗಾದರೆ ನಮ್ಮ ವಿಶ್ವಾಸಕ್ಕೆ ಉತ್ತರವೇ ಇಲ್ಲವೇ? ಇದೆ. ಜೋರ್ದಾನ್ ನದಿಯಲ್ಲಿ ಯೇಸು ಸ್ನಾನದೀಕ್ಷೆ ಪಡೆದು ಮೇಲೆ ಬಂದಾಗ, ಇವನು ನನ್ನ ಪ್ರಿಯ ಪುತ್ರ, ಇವನನ್ನು ಮೆಚ್ಚಿದ್ದೇನೆ ಎಂದು ತಂದೆಯ ದನಿ ಕೇಳಿತು. ಅದು ಯಾವಾಗ ಕೇಳಿತು ಎಂಬುದನ್ನು ಗಮನಿಸಿ. ಆಗಿನ್ನೂ ಯೇಸು ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ, ಒಂದು ಬೋಧನೆಯನ್ನೂ ಮಾಡಿರಲಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ. ಸ್ನಾನದೀಕ್ಷೆಯಲ್ಲಿ ನಮ್ಮ ಮಕ್ಕಳಿಗೂ ದೊರೆತದ್ದು ಇದೇ. ಅವರ ಬೆಲೆ ಅಂಕಪಟ್ಟಿ ಬರುವ ಮುಂಚೆಯೇ ಗೊತ್ತಾಗಿದೆ. ಮುಂದೆ ಅದೇ ಪುತ್ರನು ಶಿಲುಬೆಯ ಮೇಲೆ ತಂದೆಯನ್ನು, ನನ್ನನ್ನು ಕೈಬಿಟ್ಟದ್ದೇಕೆ ಎಂದು ಕೂಗಿ ಕೇಳಿದರು. ಲೋಕದ ಕಣ್ಣಿಗೆ ಸೋತು ನಿಂತ ದೇವಪುತ್ರನನ್ನು ಆರಾಧಿಸುವವರು ನಾವು. ಆದ್ದರಿಂದ ಸೋತವನ ಪಕ್ಕದಲ್ಲಿ ಕುಳಿತು, ನೀನು ಇಂದಿಗೂ ಪ್ರಿಯನು ಎಂದು ಹೇಳುವ ಹಕ್ಕೂ ಹೊಣೆಯೂ ನಮಗಿದೆ. ನಾನು ಹೇಳಿದ ಒರೆಗಲ್ಲಿನ ಮೇಲೆ ಈ ಮಾತು ನಿಲ್ಲುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ತಂದೆತಾಯಿಯರೇ, ಫಲಿತಾಂಶದ ದಿನ ಮೊದಲ ಮಾತು ಅಂಕದ ಬಗ್ಗೆ ಬೇಡ. ಊಟ ಬಡಿಸಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಎರಡನೆಯ ಪರೀಕ್ಷೆಯ ಅವಕಾಶ ಇರುವುದನ್ನು ಮರುದಿನ ಹೇಳಿದರೂ ನಡೆದೀತು. ಬದುಕುವುದೇ ಬೇಡ ಎಂಬ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ಒಬ್ಬಂಟಿಯಾಗಿ ಬಿಡಬೇಡಿ. ಗುರುಗಳಿಗೆ ತಿಳಿಸಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಉತ್ತರ ತಿಳಿಯದಿದ್ದರೆ, "ನನಗೂ ಗೊತ್ತಿಲ್ಲ, ಬಾ, ಕೂಡಿ ಕೇಳೋಣ" ಎನ್ನಿ. ಅದರಿಂದ ನಿಮ್ಮ ಗೌರವ ಕಡಿಮೆಯಾಗುವುದಿಲ್ಲ. ದೂರದ ಊರಿಗೆ ದುಡಿಯಲು ಹೋಗಿ ಜಪ, ಪೂಜೆ ಎರಡನ್ನೂ ಬಿಟ್ಟ ಮಗನ ತಾಯಿ ಸಂತ ಮೋನಿಕಳನ್ನು ನೆನೆಯಲಿ. ಮಗ ಅಗಸ್ಟೀನನು ವರ್ಷಗಟ್ಟಲೆ ಬೇರೆ ಬೇರೆ ಮತಗಳಲ್ಲಿ ಸತ್ಯವನ್ನು ಹುಡುಕಿ ಅಲೆದ. ಆಕೆ ಅವನ ಹಿಂದೆಯೇ ಮಿಲಾನಿನವರೆಗೆ ಹೋದಳು, ಪ್ರಾರ್ಥನೆ ಬಿಡಲಿಲ್ಲ. 387ರ ಪಾಸ್ಕದಂದು ಅವನು ದೀಕ್ಷಾಸ್ನಾನ ಪಡೆದಾಗ ಅವನ ವಯಸ್ಸು ಮೂವತ್ತೆರಡು.

ಯುವ ಮಿತ್ರರೇ, ನಿಮಗೂ ಒಂದು ಮಾತು. ನಿಮ್ಮ ಬಾಳತತ್ವವನ್ನು ಸ್ಟೇಟಸ್‌ನಲ್ಲಿ ಹಾಕುವ ಮುನ್ನ ನಿಮ್ಮ ಓಣಿಯ ಅತ್ಯಂತ ದುಃಖಿಯೊಬ್ಬರ ಮನೆಗೆ ಹೋಗಿ ಅರ್ಧ ಗಂಟೆ ಕುಳಿತು ಬನ್ನಿ. ಅಲ್ಲಿ ಹೇಳಲು ನಾಚಿಕೆಯಾಗುವ ತತ್ವವನ್ನು ಬಿಟ್ಟುಬಿಡಿ. ಅಲ್ಲಿಯೂ ಉಳಿಯುವ ಪ್ರಶ್ನೆಯನ್ನು ಬರುವ ಭಾನುವಾರ ಬಲಿಪೂಜೆಗೆ ತನ್ನಿ, ಕಾಣಿಕೆಯೊಡನೆ ಅದನ್ನೂ ಪೀಠದ ಮೇಲಿಡಿ. ಪೂಜೆ ಮುಗಿದ ಮೇಲೆ ಗುರುಗಳನ್ನು ಕಂಡು ಧೈರ್ಯವಾಗಿ ಕೇಳಿ. ಎಮ್ಮಾವಿನ ದಾರಿಯಲ್ಲಿ ನಿರಾಶರಾಗಿ ನಡೆದಿದ್ದ ಇಬ್ಬರನ್ನು ಸೇರಿಕೊಂಡ ಪ್ರಭು, ಅವರು ಏನು ಮಾತಾಡಿಕೊಳ್ಳುತ್ತಿದ್ದಾರೆ ಎಂದು ತಾವೇ ಮೊದಲು ಕೇಳಿದರು. ನಿಮ್ಮ ಮಾತನ್ನೂ ಅವರು ಕೇಳಿಸಿಕೊಳ್ಳುವರು.